ಏಳನೇ ನಂಬರಿನ ಕಣ್ಣುಗಳು

ಕಪ್ಪು ಕಾಗದದ ಮೇಲೆ ಸ್ಟೀಲ್ ಸ್ಕೇಲ್ ಒತ್ತಿ ಹಿಡಿದೆ. ಅರ್ಧ ಬ್ಲೇಡಿನಿಂದ ಗೀರಿದೆ. ಒಂದು ಪಟ್ಟಿ ಬಂತು. ಕಿರುಬೆರಳಿನಷ್ಟೇ ಅಗಲ, ಅಷ್ಟೇ ಉದ್ದ. ಅದನ್ನು ತಟ್ಟೆಯಲ್ಲಿಟ್ಟು ಇನ್ನೊಂದು ಗೀರಿದೆ. ಇಪ್ಪತ್ತು ಪಟ್ಟಿ ಆಗುವವರೆಗೆ ತಲೆ ಎತ್ತಬಾರದು. ಎತ್ತಿದರೆ ಬ್ಲೇಡು ಬೆರಳಿಗೆ ಬರುತ್ತದೆ. ನನ್ನ ಎಡಗೈಯ ತೋರುಬೆರಳಲ್ಲಿ ಹಾಗೆ ತಲೆ ಎತ್ತಿದ ನಾಲ್ಕು ಗುರುತುಗಳಿವೆ.

ಪಟ್ಟಿ ಕಣ್ಣಿಗೆ. ನಾನು ಕೆಲಸ ಮಾಡುವುದು ಡಾಕ್ಟರುಗಳ ಪತ್ರಿಕೆಯ ಕಚೇರಿಯಲ್ಲಿ. ಮೂರು ತಿಂಗಳಿಗೊಮ್ಮೆ ಬರುವ ದಪ್ಪ ಪತ್ರಿಕೆ. ಯಾವ ರೋಗಕ್ಕೆ ಯಾವ ಮದ್ದು ಕೊಟ್ಟೆವು, ಏನಾಯಿತು ಎಂದು ಡಾಕ್ಟರುಗಳು ಅದರಲ್ಲಿ ಬರೆಯುತ್ತಾರೆ. ಬೇರೆ ಡಾಕ್ಟರುಗಳು ಅದನ್ನು ಓದಿ ಅದೇ ಮದ್ದು ಕೊಡುತ್ತಾರೆ. ಬರಹದ ಜೊತೆ ರೋಗಿಗಳ ಫೋಟೋ ಬರುತ್ತವೆ. ಗಂಟಲಲ್ಲಿ ಗಡ್ಡೆ ಇರುವವರು, ಬಾಯಿ ಓರೆಯಾದವರು, ಚರ್ಮ ಸುಲಿದವರು. ಅವರ ಗುರುತು ಯಾರಿಗೂ ಸಿಗಬಾರದು. ಅದಕ್ಕೆ ಕಣ್ಣಿನ ಮೇಲೆ ಪಟ್ಟಿ. ಹಿಂಬದಿಗೆ ಅಂಟು ಹಚ್ಚಿ, ಮೂಗಿನ ಮೇಲೆ ಅಡ್ಡ ಹಾಯಿಸಿ, ಹೆಬ್ಬೆರಳಿಂದ ಒತ್ತಿ ಇಪ್ಪತ್ತು ಎಣಿಸುತ್ತೇನೆ. ಆಮೇಲೆ ಆ ಮನುಷ್ಯ ಯಾರೂ ಅಲ್ಲ.

ಆದರೆ ಒತ್ತುವ ಮುಂಚೆ ನೋಡಲೇಬೇಕು. ನೋಡದೆ ಕಣ್ಣು ಮುಚ್ಚಲು ಬರುವುದಿಲ್ಲ. ಡಾಕ್ಟರುಗಳು ಗಡ್ಡೆ ನೋಡುತ್ತಾರೆ, ಓದುವವರು ಪಟ್ಟಿ ನೋಡುತ್ತಾರೆ. ಕಣ್ಣು ನೋಡುವವಳು ನಾನೊಬ್ಬಳೇ. ಹನ್ನೊಂದು ತಿಂಗಳಲ್ಲಿ ಎಷ್ಟು ಜೊತೆ ಕಣ್ಣು ಮುಚ್ಚಿದ್ದೇನೋ ಲೆಕ್ಕವಿಲ್ಲ. ಅವರು ಬಿಟ್ಟು ಹೋಗುವುದಿಲ್ಲ. ಬಸ್ಸಿನಲ್ಲಿ ಎದುರು ಕೂತವರ ಮುಖದಲ್ಲಿ ಇದ್ದಕ್ಕಿದ್ದ ಹಾಗೆ ಕಪ್ಪು ಪಟ್ಟಿ ಕಾಣುತ್ತದೆ. ನಾನು ಕಿಟಕಿಯ ಕಡೆ ತಿರುಗುತ್ತೇನೆ. ಕಿಟಕಿಯ ಗಾಜಿನಲ್ಲಿ ನನ್ನ ಮುಖ. ಅದರಲ್ಲೂ ಪಟ್ಟಿ.

ನನ್ನ ಇನ್ನೊಂದು ಕೆಲಸ ಹೆಬ್ಬೆಟ್ಟು ಒತ್ತುವುದು.

ಪ್ರತಿ ಫೋಟೋದ ಜೊತೆ ಒಪ್ಪಿಗೆ ಕಾಗದ ಇರಬೇಕು. ರೋಗಿ ಓದಿಸಿ ಕೇಳಿ ಒಪ್ಪಿ ಸಹಿ ಹಾಕಿದ್ದು. ಎಷ್ಟೋ ಸಲ ಫೋಟೋ ಮಾತ್ರ ಬರುತ್ತದೆ, ಕಾಗದ ಬರುವುದಿಲ್ಲ. ಆಗ ಮ್ಯಾನೇಜರ್ ತನ್ನ ಕುರ್ಚಿಯಿಂದಲೇ ಕೂಗುತ್ತಾನೆ.

"ಏ ಪಟ್ಟಿ, ಇಲ್ಬಾ. ಬೆರಳು ಕೊಡು."

ಅಲ್ಲಿ ನನ್ನ ಹೆಸರು ಅದೇ. ಶಾಯಿ ಪ್ಯಾಡು, ಖಾಲಿ ಕಾಗದಗಳು. ಮೊದಲ ದಿನ ಅವನೇ ಕಲಿಸಿದ. "ಒಂದ್ಸಲ ಎಡಗೈ, ಒಂದ್ಸಲ ಬಲಗೈ. ಒಂದ್ಸಲ ಸ್ವಲ್ಪ ಓರೆ. ಹತ್ತು ಜನ ಒತ್ತಿದ ಹಾಗಿರ್ಬೇಕು, ಗೊತ್ತಾಯ್ತಾ?"

"ಇದು ಯಾರದ್ದು ಸರ್?" ಎಂದು ಕೇಳಿದ್ದೆ.

"ಯಾರದ್ದೋ. ನಿಂಗ್ಯಾಕೆ? ಬರೀ ಫಾರ್ಮಾಲಿಟಿ. ಇದೇನು ಆಸ್ತಿ ಬರ್ಕೊಡೋ ಪತ್ರಾನಾ?"

ಒತ್ತಿದೆ. ಆವತ್ತಿನಿಂದ ಒತ್ತುತ್ತಲೇ ಇದ್ದೇನೆ. ಬಟ್ಟೆಗೆ ಸೀಮೆಎಣ್ಣೆ ಹಾಕಿ ಉಜ್ಜಿದರೂ ಉಗುರಿನ ಸಂದಿಯಲ್ಲಿ ನೀಲಿ ಉಳಿಯುತ್ತದೆ. ಅನ್ನ ಕಲಸುವಾಗ ಕಾಣುತ್ತದೆ.

ಈ ಕೆಲಸ ನನಗೆ ಸಿಕ್ಕಿದ್ದು ಅಕ್ಕ ಸತ್ತ ಮೇಲೆ.

ಅದಕ್ಕೆ ಮುಂಚೆ ನಾವು ಮೂವರೂ ದೊಡ್ಡ ಲಾಂಡ್ರಿಯಲ್ಲಿದ್ದೆವು. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿ. ಅಮ್ಮ ಮತ್ತು ಅಕ್ಕ ಬೇಯಿಸುವ ಕಡೆ. ನಾನು ಏಳನೇ ಕ್ಲಾಸು ಬಿಟ್ಟು ಬಂದವಳು, ಮಡಿಚುವ ಕಡೆ. ಬೇಯಿಸುವ ಕಡೆ ಬಾನಿಗಳಲ್ಲಿ ಬ್ಲೀಚು ಕುದಿಯುತ್ತದೆ. ರಕ್ತದ ಕಲೆ ಹೋಗಬೇಕೆಂದು ಅದಕ್ಕೆ ಇನ್ನೊಂದು ಪುಡಿ ಹಾಕುತ್ತಾರೆ. ಹೆಂಗಸರು ಉದ್ದ ಕೋಲಿನಿಂದ ಬಟ್ಟೆ ತಿರುವುತ್ತಾರೆ. ಹಬೆ ನೇರ ಮುಖಕ್ಕೆ. ಕೋಲು ಹಿಡಿದ ಎರಡು ಕೈಗೂ ಬಿಡುವಿಲ್ಲ, ಮುಖ ಒರೆಸಿಕೊಳ್ಳಲು ಮೂರನೇ ಕೈ ಇಲ್ಲ. ಎರಡು ವರ್ಷಕ್ಕೆ ಕೆನ್ನೆ ಕೆಂಪಾಗುತ್ತದೆ. ಮೂರನೇ ವರ್ಷ ಸಿಪ್ಪೆ ಏಳುತ್ತದೆ. ಅಕ್ಕನ ಮುಖ ಸುಟ್ಟ ರೊಟ್ಟಿಯ ಹಾಗೆ ತೇಪೆ ತೇಪೆಯಾಗಿತ್ತು. ಕನ್ನಡಿ ನೋಡುವುದನ್ನೇ ಬಿಟ್ಟಿದ್ದಳು. "ಬಾನಿ ನೀರಲ್ಲಿ ಕಾಣುತ್ತಲ್ಲ, ಸಾಕು. ಅದರಲ್ಲಿ ಎಲ್ಲರ ಮುಖವೂ ಬೆಂದಿರುತ್ತೆ," ಎಂದು ನಗುತ್ತಿದ್ದಳು.

ಒಂದು ದಿನ ದೊಡ್ಡ ಡಾಕ್ಟರು ಲಾಂಡ್ರಿಗೆ ಬಂದರು. ಚರ್ಮದ ಡಾಕ್ಟರು. ಮಡಿಚುವ ಕೋಣೆಯಲ್ಲಿ ಮೇಜು ಹಾಕಿಸಿದರು. ಹನ್ನೆರಡು ಹೆಂಗಸರನ್ನು ಆರಿಸಿದರು. ಹೊಸ ಮಾತ್ರೆ, ಕೆಲಸ ಬಿಡಬೇಕಾಗಿಲ್ಲ, ಎರಡು ತಿಂಗಳಲ್ಲಿ ಮುಖ ಮೊದಲಿನ ಹಾಗೆ ಎಂದರು. ಬಾಟಲಿಯ ಮೇಲೆ ಹೆಸರಿರಲಿಲ್ಲ, ನಂಬರು ಮಾತ್ರ. ಅಕ್ಕನದು ಏಳು.

ಫೋಟೋ ತೆಗೆಯಬೇಕಿತ್ತು. ಫೋಟೋದವನು ಗೋಡೆಯ ಪಕ್ಕ ಸ್ಟೂಲು ಇಟ್ಟ. ಮಡಿಚಿಟ್ಟ ರಾಶಿಯಿಂದ ಒಂದು ಬಿಳಿ ಬಟ್ಟೆ ಎಳೆದು ಎಲ್ಲರಿಗೂ ಕೊರಳ ಸುತ್ತ ಅದನ್ನೇ ಹೊದಿಸಿದ. ಅದರ ಅಂಚಿನಲ್ಲಿ ಕೆಂಪು ದಾರದ ಹೊಲಿಗೆ ಇತ್ತು. ಅಕ್ಕನ ಸರದಿಗೆ ಮುಂಚೆ ಬೆಳಕು ಸರಿ ಇಲ್ಲವೆಂದು ಗೊಣಗಿದ. ನನ್ನ ಕಡೆ ಬೆರಳು ತೋರಿಸಿದ.

"ನೀನು ಒಂದ್ನಿಮಿಷ ಕೂತ್ಕೋ. ಬೆಳಕು ನೋಡ್ಬೇಕು."

ಕೂತೆ. ಬಟ್ಟೆ ಹೊದಿಸಿದ. ಬೆಳಕು ಕಣ್ಣಿಗೆ ಹೊಡೆಯಿತು. ಅಕ್ಕ ಪಕ್ಕದಲ್ಲಿ ನಿಂತು, "ಲೇ, ಹೆಣ್ಣು ನೋಡೋಕೆ ಬಂದವರ ಮುಂದೆ ಕೂತ ಹಾಗೆ ಕೂತಿದ್ದೀಯಲ್ಲೇ. ಸ್ವಲ್ಪ ನಗು," ಎಂದಳು. ನಾನು ನಗಲಿಲ್ಲ. ಆಮೇಲೆ ಅವಳು ಕೂತಳು.

ಮಾತ್ರೆ ಶುರುವಾದ ಇಪ್ಪತ್ತನೇ ದಿನ ಅಕ್ಕನ ಕಣ್ಣು ಅರಿಸಿನವಾಯಿತು. ತಿಂದದ್ದು ನಿಲ್ಲಲಿಲ್ಲ. ಹೊಟ್ಟೆ ಉಬ್ಬಿತು. ಮೈ ಕೆರೆದು ಕೆರೆದು ಉಗುರಲ್ಲಿ ರಕ್ತ. ಡಾಕ್ಟರ ಬಳಿಗೆ ಕರೆದುಕೊಂಡು ಹೋದೆವು. ಡಾಕ್ಟರು ಸಿಗಲಿಲ್ಲ. ಅವರ ಸಹಾಯಕ ಬಾಗಿಲಲ್ಲೇ ಕೇಳಿದ, "ಬಾಟಲಿ ಎಲ್ಲಿ?" ಅಮ್ಮ ಕೊಟ್ಟಳು. ಅವನು ಮಾತ್ರೆ ಎಣಿಸಿ ಜೇಬಿಗೆ ಹಾಕಿಕೊಂಡ. ಆಮೇಲೆ ಅಕ್ಕನ ಮುಖ ನೋಡಿದ. "ಕಾಮಾಲೆ. ನೀವು ಕುಡಿಯೋ ನೀರು ಸರಿ ಇಲ್ಲ," ಎಂದ.

ಮೂವತ್ತೆಂಟನೇ ದಿನ ಅಕ್ಕ ಹೋದಳು. ಮಧ್ಯಾಹ್ನ ಎರಡು ಗಂಟೆಗೆ. ನನ್ನ ತೊಡೆಯ ಮೇಲೆ ತಲೆ ಇತ್ತು. ಕಣ್ಣು ತೆರೆದೇ ಇತ್ತು. ನಾನು ಮುಚ್ಚಿದೆ. ನಾನು ಮುಚ್ಚಿದ ಮೊದಲ ಕಣ್ಣುಗಳು ಅವು.

ಹದಿನೈದು ದಿನ ಬಿಟ್ಟು ಆ ಸಹಾಯಕನೇ ಮನೆಗೆ ಬಂದ. "ನಿಮ್ಮ ಚಿಕ್ಕ ಮಗಳಿಗೆ ಒಂದು ಕೆಲಸ ಇದೆ. ಫ್ಯಾನಿನ ಕೆಳಗೆ ಕೂತು ಮಾಡೋದು," ಎಂದ. ಅಮ್ಮ ಅವನಿಗೆ ಕೈ ಮುಗಿದಳು. ಆಮೇಲೂ ದಿನಾ ಹೇಳುತ್ತಿದ್ದಳು, "ಡಾಕ್ಟರು ದೇವರಂಥವರು ಕಣೇ. ಒಬ್ಬಳು ಹೋದಳು, ಇನ್ನೊಬ್ಬಳನ್ನು ಬಾನಿಯಿಂದ ಎತ್ತಿದರು."

ನಾನು ಬಾನಿಯ ಕಡೆ ಇರಲೇ ಇಲ್ಲ. ಆದರೂ ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ.

ಆವತ್ತು ಇಪ್ಪತ್ತು ಪಟ್ಟಿ ಮುಗಿಸಿ ಹೊಸ ಲಕೋಟೆ ಬಿಚ್ಚಿದೆ. ಇಪ್ಪತ್ನಾಲ್ಕು ಫೋಟೋ. ಹನ್ನೆರಡು ಮಂದಿ, ಒಬ್ಬೊಬ್ಬರದು ಎರಡೆರಡು. ಮೊದಲು, ನಂತರ. ಎಲ್ಲದರಲ್ಲೂ ಕೊರಳಿಗೆ ಬಿಳಿ ಬಟ್ಟೆ. ಅಂಚಿನಲ್ಲಿ ಕೆಂಪು ದಾರ.

ಕೈ ನಿಂತಿತು.

ಒಂದು, ಎರಡು, ಮೂರು. ಎಲ್ಲರೂ ಗೊತ್ತಿದ್ದವರು. ಮೂರನೆಯವಳಿಗೂ ಕಣ್ಣು ಹಳದಿಯಾಗಿತ್ತು, ಅವಳ ಗಂಡ ಯಾವುದೋ ಊರಿಗೆ ಕರೆದುಕೊಂಡು ಹೋದ, ಮತ್ತೆ ಬರಲಿಲ್ಲ. ಏಳು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಎಡಹುಬ್ಬಿನಲ್ಲಿ ಬಾನಿಯ ಮುಚ್ಚಳ ಬಡಿದು ಆದ ಸೀಳು. ಸುಟ್ಟ ಕೆನ್ನೆ. ತುಟಿಯ ತುದಿಯಲ್ಲಿ ನನ್ನನ್ನು ಗೇಲಿ ಮಾಡಿದ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ.

ಪಕ್ಕದ ಫೋಟೋ ತಿರುಗಿಸಿದೆ. ಏಳು, ನಂತರ.

ಅಕ್ಕನ ಮುಖ ಸ್ವಚ್ಛವಾಗಿತ್ತು. ಒಂದೂ ತೇಪೆ ಇರಲಿಲ್ಲ. ಅದೇ ಮೂಗು, ಅದೇ ಗದ್ದ. ಒಂದು ಕ್ಷಣ ಅವಳು ಎಲ್ಲೋ ಇದ್ದಾಳೆ ಅನ್ನಿಸಿತು. ನಮಗೆ ಹೇಳದೆ ಯಾರೋ ಅವಳನ್ನು ಗುಣ ಮಾಡಿ ಎಲ್ಲೋ ಇಟ್ಟುಕೊಂಡಿದ್ದಾರೆ ಅನ್ನಿಸಿತು. ಆಮೇಲೆ ಹುಬ್ಬು ನೋಡಿದೆ. ಹುಬ್ಬಿನಲ್ಲಿ ಸೀಳಿರಲಿಲ್ಲ. ಕಣ್ಣು ಬೆಳಕಿಗೆ ಹೆದರಿತ್ತು.

ನಮ್ಮ ಮನೆಯ ಕನ್ನಡಿ ಅಂಗೈಯಷ್ಟು. ಅದರಲ್ಲಿ ಒಂದು ಸಲಕ್ಕೆ ಅರ್ಧ ಮುಖ ಮಾತ್ರ ಕಾಣುತ್ತದೆ. ನನ್ನ ಪೂರ್ತಿ ಮುಖ ಅಷ್ಟು ಸ್ಪಷ್ಟವಾಗಿ ನಾನು ನೋಡಿದ್ದು ಅದೇ ಮೊದಲು. ಗುರುತು ಸಿಗಲು ಹೊತ್ತು ಹಿಡಿಯಿತು.

ಅದು ನಾನು.

ಫೋಟೋದ ಬೆನ್ನಿಗೆ ಒಂದು ಚೀಟಿ ಅಂಟಿಸಿದ್ದರು. ಅದನ್ನು ಓದಿಸಲು ತಿದ್ದುವ ಮೇಷ್ಟ್ರ ಬಳಿಗೆ ಹೋದೆ. ಪತ್ರಿಕೆಯ ಭಾಷೆಯಲ್ಲಿ ನನಗೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ಮೇಷ್ಟ್ರು ಶಾಲೆಯಿಂದ ನಿವೃತ್ತರಾಗಿ ಇಲ್ಲಿ ಕರಡು ತಿದ್ದುತ್ತಾರೆ. ಕಚೇರಿಯಲ್ಲಿ ನನ್ನ ಜೊತೆ ಮಾತಾಡುವವರು ಅವರೊಬ್ಬರೇ.

"'ಪಟ್ಟಿ ಅಗಲವಾಗಿರಲಿ, ಹುಬ್ಬು ಸೇರಿಸಿ ಮುಚ್ಚಿ,' ಅಂತ ಬರ್ದಿದ್ದಾರೆ ತಾಯಿ," ಎಂದರು. "ಯಾಕೆ?"

"ಈ ದೊಡ್ಡ ಡಾಕ್ಟರ ಬರಹದಲ್ಲಿ ಏಳನೆಯವಳ ಬಗ್ಗೆ ಏನಿದೆ ಮೇಷ್ಟ್ರೆ?"

ಅವರು ಕರಡು ತೆಗೆದರು. ಬೆರಳು ಸಾಲಿನ ಕೆಳಗೆ ಓಡಿತು. "ಹನ್ನೆರಡು ಜನಕ್ಕೂ ಗುಣ. ಯಾರಿಗೂ ಯಾವ ತೊಂದರೆಯೂ ಆಗ್ಲಿಲ್ಲ. ಏಳನೆಯವಳಿಗೆ ಎಲ್ಲರಿಗಿಂತ ಚೆನ್ನಾಗಿ ಗುಣ ಆಯ್ತು, ಈಗ ಅವಳು ಆರೋಗ್ಯವಾಗಿ ಅದೇ ಕೆಲಸ ಮಾಡ್ತಿದ್ದಾಳೆ. ಚಿತ್ರ ನೋಡಿ."

ನಾನು ಎರಡೂ ಫೋಟೋ ಅವರ ಮುಂದೆ ಇಟ್ಟೆ. "ಇವಳು ನಮ್ಮಕ್ಕ. ತೀರಿಕೊಂಡಳು. ಇದು ನಾನು."

ಮೇಷ್ಟ್ರು ಫೋಟೋ ನೋಡಿದರು. ನನ್ನನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಬಾಗಿಲ ಕಡೆ ಒಂದು ಸಲ ನೋಡಿದರು.

"ಇದನ್ನು ಯಾರೂ ನೋಡಲ್ವಾ ಮೇಷ್ಟ್ರೆ? ಅಚ್ಚಾಗೋ ಮುಂಚೆ?"

"ನೋಡ್ತಾರಲ್ಲ. ಇಬ್ಬರು ಬೇರೆ ಡಾಕ್ಟರು ಓದಿ ಸೈ ಅನ್ಬೇಕು, ಅದು ನಿಯಮ. ಇದನ್ನು ಓದಿದವರಲ್ಲಿ ಒಬ್ಬ ಇವರ ಶಿಷ್ಯ, ಇನ್ನೊಬ್ಬ ಇವರ ತಂಗಿ ಗಂಡ." ಅವರು ನಗಲು ನೋಡಿದರು. "ಬೀಗರೂಟದಲ್ಲಿ ಬೀಗರೇ ಅಡುಗೆ ಹೊಗಳಿದ ಹಾಗೆ. ಉಪ್ಪಿಲ್ಲ ಅಂತ ಯಾರು ಹೇಳ್ತಾರೆ?"

"ನೀವು ಹೇಳಿ."

ನಗು ನಿಂತಿತು. "ನಾನು ಕಾಮಾ, ಫುಲ್‌ಸ್ಟಾಪ್ ನೋಡೋನು ತಾಯಿ. ಒಂದು ಕಾಮಾ ತಪ್ಪಿದರೆ ನನ್ನ ಕುತ್ತಿಗೆ ಹಿಡೀತಾರೆ. ಒಂದು ಜೀವ ತಪ್ಪಿದರೆ ನನ್ನನ್ನು ಯಾರೂ ಕೇಳಲ್ಲ." ದನಿ ತಗ್ಗಿಸಿದರು. "ನಿನ್ನನ್ನೂ ಕೇಳಲ್ಲ. ಅಂಟಿಸಿಬಿಡು."

ಅಂಟಿಸಿದೆ. ಹೌದು, ಅಂಟಿಸಿದೆ. ಹುಬ್ಬು ಸೇರಿಸಿ, ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಮೊದಲು ಅಕ್ಕನ ಕಣ್ಣಿಗೆ. ಅವಳ ಕಣ್ಣನ್ನು ಎರಡನೇ ಸಲ ಮುಚ್ಚಿದೆ. ಆಮೇಲೆ ನನ್ನ ಕಣ್ಣಿಗೆ. ಇಪ್ಪತ್ತು ಎಣಿಸಿದೆ. ಬೆರಳು ತೆಗೆದಾಗ ಅಲ್ಲಿ ಇಬ್ಬರಿರಲಿಲ್ಲ. ಒಬ್ಬಳೇ ಇದ್ದಳು. ಎಡಗಡೆ ರೋಗ, ಬಲಗಡೆ ಗುಣ.

ಸಂಜೆ ಆ ಎರಡು ಫೋಟೋಗಳನ್ನು ರವಿಕೆಯೊಳಗೆ ಇಟ್ಟುಕೊಂಡು ಮನೆಗೆ ಹೋದೆ. ಯಾಕೆ ಒಯ್ದೆನೋ ಆಗ ಗೊತ್ತಿರಲಿಲ್ಲ. ಒಬ್ಬಳೇ ನೋಡಿಕೊಂಡು ಇರಲು ಆಗಲಿಲ್ಲ, ಅಷ್ಟೇ.

ಅಮ್ಮ ಲಾಂಡ್ರಿಯಿಂದ ಬಂದು ಕಾಲು ಚಾಚಿ ಕೂತಿದ್ದಳು. ಅವಳ ಕೆನ್ನೆಯ ಮೇಲೂ ಈಗ ಕೆಂಪು ಎದ್ದಿದೆ. ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾ, "ಇವತ್ತು ಚೀಟಿ ಕೊಟ್ಟರು ನೋಡು," ಎಂದಳು. ಖುಷಿಯಲ್ಲಿದ್ದಳು. "ಅಲ್ಲೆಲ್ಲೋ ಪುಸ್ತಕದಲ್ಲಿ ಅಚ್ಚಾಗುತ್ತಂತೆ. ಆಗಿದ್ದೇ ತಡ, ಬೇಯಿಸೋ ಕಡೆಯ ಎಲ್ಲರಿಗೂ ಮಾತ್ರೆ. ನಂದು ನಲವತ್ತೊಂದು."

ಚೀಟಿಯಲ್ಲಿ ಬರೀ ನಂಬರು. ದಪ್ಪ ಅಕ್ಷರದಲ್ಲಿ ನಲವತ್ತೊಂದು.

ಫೋಟೋ ತೆಗೆದು ಅವಳ ಮಡಿಲಲ್ಲಿ ಇಟ್ಟೆ.

ಅಮ್ಮ ಮೊದಲನೆಯದು ನೋಡಿದಳು. ಪಟ್ಟಿ ಇದ್ದರೂ ಗುರುತು ಹಿಡಿದಳು. ಬೆರಳಿಂದ ಕೆನ್ನೆಯ ತೇಪೆ ಮುಟ್ಟಿದಳು. "ನನ್ನ ಕೂಸು," ಎಂದಳು. ಎರಡನೆಯದು ಎತ್ತಿಕೊಂಡಳು. ಬೆಳಕಿನ ಕಡೆ ಹಿಡಿದಳು. ಅವಳ ಬಾಯಿ ತೆರೆಯಿತು. ಹಾಗೆಯೇ ನಿಂತಿತು.

"ಗುಣ ಆಗಿತ್ತಾ?"

ಅಮ್ಮ ಫೋಟೋವನ್ನು ಕಣ್ಣಿಗೆ ಇನ್ನೂ ಹತ್ತಿರ ತಂದುಕೊಂಡಳು.

"ಯಾವಾಗ ತೆಗೆದಿದ್ದೇ ಇದು? ನಂಗೆ ಹೇಳ್ಲೇ ಇಲ್ವಲ್ಲೇ. ನೋಡು, ಮುಖ ಹೆಂಗೆ ತೊಳೆದಿಟ್ಟ ಹಾಗಾಗಿದೆ. ನೋಡು ಗದ್ದ. ಅವರಪ್ಪನ ಗದ್ದ." ಅಮ್ಮ ಫೋಟೋವನ್ನು ಕೆನ್ನೆಗೆ ಒತ್ತಿಕೊಂಡಳು. ಎಣ್ಣೆ ಅದಕ್ಕೆ ಹತ್ತಿತು. "ಗುಣ ಆಗಿದ್ಲು ನನ್ನ ಮಗಳು. ಆಮೇಲೆ ಆ ಹಾಳು ನೀರು..."

ಹೆತ್ತ ತಾಯಿಗೂ ಗೊತ್ತಾಗಲಿಲ್ಲ. ಅಷ್ಟು ಚೆನ್ನಾಗಿ ಅಂಟಿಸಿದ್ದೆ.

ಅವಳ ಕೈಯಿಂದ ಫೋಟೋ ತೆಗೆದುಕೊಂಡೆ. ಎಣ್ಣೆ ತಾಗಿ ಪಟ್ಟಿಯ ತುದಿ ಎದ್ದಿತ್ತು. ಉಗುರು ಹಾಕಿ ಎಳೆದೆ. ನಿಧಾನವಾಗಿ ಬಂತು. ಹುಬ್ಬು ಬಂತು. ಕಣ್ಣು ಬಂತು. ತಿರುಗಿಸಿ ಹಿಡಿದೆ.

ಅಮ್ಮ ಫೋಟೋ ನೋಡಿದಳು. ನನ್ನ ಮುಖ ನೋಡಿದಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ಯಾಕೆ ಕಿತ್ತೆ?" ಎಂದಳು. "ಇನ್ನೊಂದು ಗಳಿಗೆ ಇರಬಾರದಿತ್ತೇನೇ?"

ಗೋಡೆಯ ಮೊಳೆಯಲ್ಲಿ ಅಕ್ಕನ ಟವೆಲು ಈಗಲೂ ನೇತಾಡುತ್ತದೆ. ಅಮ್ಮ ವಾರಕ್ಕೊಮ್ಮೆ ಒಗೆದು ಮತ್ತೆ ಅಲ್ಲೇ ಹಾಕುತ್ತಾಳೆ. ಬೆಳಿಗ್ಗೆ ನಾನು ಎದ್ದಾಗ ಅಮ್ಮ ಅದರ ಮುಂದೆ ನಿಂತಿದ್ದಳು. ಕೈಯಲ್ಲಿ ಆ ಚೀಟಿ ಇತ್ತು.

"ಮೂರನೇ ನಂಬರಿನವಳ ಕಣ್ಣೂ ಹಳದಿಯಾಗಿತ್ತು," ಎಂದಳು ಗೋಡೆಗೆ. "ಅವಳ ಮನೆ ನೀರೂ ಕೆಟ್ಟಿತ್ತಾ? ಅವಳು ಕುಡೀತಿದ್ದಿದ್ದು ಬೇರೆ ನಲ್ಲಿ ನೀರು." ಚೀಟಿಯನ್ನು ನನ್ನ ಕೈಗೆ ಕೊಟ್ಟಳು. "ಇದನ್ನೂ ತಗೊಂಡು ಹೋಗು."

"ಕೆಲಸ ಹೋಗುತ್ತೆ ಅಮ್ಮ."

"ಹೋಗ್ಲಿ. ಫ್ಯಾನಿನ ಕೆಳಗೆ ಕೂರಿಸಿ ಇದನ್ನು ಮಾಡಿಸಿದ್ರಾ ನಿನ್ನ ಕೈಲಿ?"

ಅವತ್ತು ಪತ್ರಿಕೆಯ ಸಭೆ. ದೊಡ್ಡ ಡಾಕ್ಟರು ಪತ್ರಿಕೆಯ ಮಂಡಳಿಯಲ್ಲೂ ಇದ್ದಾರೆ, ಅವರೂ ಬರುವವರಿದ್ದರು. ನಾನು ಕಚೇರಿ ಸೇರುವಷ್ಟರಲ್ಲಿ ಮ್ಯಾನೇಜರ್ ಮೇಜಿನ ಮೇಲೆ ಹನ್ನೆರಡು ಖಾಲಿ ಒಪ್ಪಿಗೆ ಕಾಗದ ಸಾಲಾಗಿ ಹರಡಿದ್ದ. ಪಕ್ಕದಲ್ಲಿ ಶಾಯಿ ಪ್ಯಾಡು.

"ಬೇಗ ಬೇಗ ಬೆರಳು ಕೊಡು. ಅವರು ಬರೋಷ್ಟರಲ್ಲಿ ಫೈಲಿಗೆ ಹೋಗ್ಬೇಕು. ಮತ್ತೆ ಏಳನೇ ನಂಬರಿನ ಫೋಟೋ ಎಲ್ಲಿ?"

ನಾನು ನಿಂತೇ ಇದ್ದೆ.

"ಏ ಪಟ್ಟಿ. ಕಿವಿಗೂ ಪಟ್ಟಿ ಹಾಕ್ಕೊಂಡಿದ್ದೀಯಾ?"

"ಒತ್ತಲ್ಲ ಸರ್."

ನನ್ನ ದನಿ ನನಗೇ ಕೇಳಿಸಲಿಲ್ಲ. ಅವನಿಗೆ ಕೇಳಿಸಿತು.

"ಏನಂದೆ?"

"ಒತ್ತಲ್ಲ. ಏಳನೇ ನಂಬರಿನವಳಿಗೆ ಸಹಿ ಹಾಕೋಕೆ ಬರ್ತಿತ್ತು. ಹೆಬ್ಬೆಟ್ಟಲ್ಲ."

ನಾನೇ ಕಲಿಸಿದ್ದೆ. ಲಾಂಡ್ರಿಯ ಹಬೆ ಹಿಡಿದ ಕಿಟಕಿಯ ಗಾಜಿನ ಮೇಲೆ ಬೆರಳಿಂದ ಬರೆದು ಬರೆದು ಕಲಿತಿದ್ದಳು. ಕೊನೆಯ ಅಕ್ಷರಕ್ಕೆ ಒಂದು ಬಾಲ ಎಳೆಯುತ್ತಿದ್ದಳು, ಬೇಕಿಲ್ಲದಿದ್ದರೂ. "ಇದು ನನ್ನ ಸ್ಟೈಲು," ಎನ್ನುತ್ತಿದ್ದಳು.

ಮ್ಯಾನೇಜರ್ ಎದ್ದು ಬಂದ. ನನ್ನ ಬಲಗೈ ಮಣಿಕಟ್ಟು ಹಿಡಿದ. ಹೆಬ್ಬೆರಳನ್ನು ಎಳೆದು ಪ್ಯಾಡಿಗೆ ಒತ್ತಿದ. ಶಾಯಿ ತಣ್ಣಗಿತ್ತು. ಕಾಗದದ ಕಡೆ ಎಳೆದ. ನಾನು ಮುಷ್ಟಿ ಕಟ್ಟಿದೆ. ಹೆಬ್ಬೆರಳನ್ನು ಒಳಗೆ ಇಟ್ಟುಕೊಂಡು ನಾಲ್ಕು ಬೆರಳಿಂದ ಬಿಗಿದೆ. ಅವನು ಬೆರಳು ಒಂದೊಂದಾಗಿ ಬಿಡಿಸಲು ನೋಡಿದ. ಆಸ್ಪತ್ರೆಯ ಹಾಸಿಗೆ ಬಟ್ಟೆ ಎಳೆದೆಳೆದು ಮಡಿಚಿದ ಕೈ ಅದು. ಬಿಡಿಸಲು ಆಗಲಿಲ್ಲ. ಹೊರಗೆ ಕಾರು ನಿಂತ ಸದ್ದಾಯಿತು. ಅವನು ಕೈ ಬಿಟ್ಟ.

"ಚಹಾ ಕೊಟ್ಟು ಮನೆಗೆ ನಡಿ," ಎಂದ ಹಲ್ಲು ಕಚ್ಚಿ. "ನಾಳೆಯಿಂದ ಬರ್ಬೇಡ."

ಸಭೆಯ ಕೋಣೆಯ ಗೋಡೆಗೆ ಗಾಜಿನ ಕಟ್ಟು ಹಾಕಿದ ಒಂದು ಹಾಳೆ ಇದೆ. ಪತ್ರಿಕೆಯ ನಿಯಮಗಳು. ಸೋಮವಾರ ಸೋಮವಾರ ಅದರ ಧೂಳು ಒರೆಸುವವಳು ನಾನೇ. ಯಾವಾಗಲೋ ಒಂದು ದಿನ ಮೇಷ್ಟ್ರು ಅದನ್ನು ಸಾಲು ಸಾಲಾಗಿ ಓದಿ ಹೇಳಿದ್ದರು. ಒಪ್ಪಿಗೆಯಿಲ್ಲದೆ ಯಾರ ಚಿತ್ರವನ್ನೂ ಅಚ್ಚು ಹಾಕುವುದಿಲ್ಲ. ಸುಳ್ಳು ಫಲಿತಾಂಶ ಪ್ರಕಟಿಸುವುದಿಲ್ಲ. ತಪ್ಪು ಕಂಡವರು ಯಾರೇ ಆಗಲಿ ತಿಳಿಸಬಹುದು.

ಮೇಜಿನ ಸುತ್ತ ನಾಲ್ವರು. ತಲೆ ನೆರೆತ ಸಂಪಾದಕರು, ದೊಡ್ಡ ಡಾಕ್ಟರು, ಮ್ಯಾನೇಜರ್, ಕೊನೆಯಲ್ಲಿ ಮೇಷ್ಟ್ರು. ಚಹಾ ಇಟ್ಟೆ. ಯಾರೂ ನನ್ನನ್ನು ನೋಡಲಿಲ್ಲ. ದೊಡ್ಡ ಡಾಕ್ಟರು ಕಪ್ಪು ಎಳೆದುಕೊಳ್ಳುತ್ತಾ, "ಏಳನೆಯ ಕೇಸು ಈ ಬರಹದ ಜೀವಾಳ," ಎನ್ನುತ್ತಿದ್ದರು.

ಖಾಲಿ ಟ್ರೇ ಕೆಳಗಿಟ್ಟೆ. ಎರಡು ಫೋಟೋ ತೆಗೆದು ಮೇಜಿನ ನಡುವೆ ಇಟ್ಟೆ. ಅಕ್ಕನ ಪಟ್ಟಿಯನ್ನೂ ಕಿತ್ತಿದ್ದೆ. ಪಕ್ಕದಲ್ಲಿ ಅಮ್ಮನ ಚೀಟಿ. ಹೆಬ್ಬೆಟ್ಟಿನ ಶಾಯಿ ಚೀಟಿಗೆ ಹತ್ತಿತು.

"ಇದೇನು?" ಎಂದರು ಸಂಪಾದಕರು.

"ಇವಳು ಏಳನೇ ನಂಬರು. ನಮ್ಮಕ್ಕ. ಮಾತ್ರೆ ತಿಂದ ಮೂವತ್ತೆಂಟನೇ ದಿನ ಸತ್ತಳು. ಇದು ಅವಳಲ್ಲ. ನಾನು. ಬೆಳಕು ನೋಡೋಕೆ ಅಂತ ಕೂರಿಸಿದ್ರು."

ಬದುಕಿನಲ್ಲಿ ಒಟ್ಟಿಗೆ ಅಷ್ಟು ಮಾತು ಆಡಿರಲಿಲ್ಲ.

ದೊಡ್ಡ ಡಾಕ್ಟರು ಫೋಟೋ ನೋಡಿದರು. ಆಗಲೂ ನನ್ನನ್ನು ನೋಡಲಿಲ್ಲ. "ಯಾರು ಈ ಹುಡುಗಿ?" ಎಂದು ಮ್ಯಾನೇಜರನ್ನು ಕೇಳಿದರು.

"ಪಟ್ಟಿ ಅಂಟಿಸೋಳು ಸರ್. ತಲೆ ಸರಿ ಇಲ್ಲ. ಇವತ್ತೇ ತೆಗೆದಾಯ್ತು."

"ಲಾಂಡ್ರಿ ಹೆಂಗಸರೆಲ್ಲ ಒಂದೇ ಥರ ಕಾಣ್ತಾರೆ," ಎಂದರು ಡಾಕ್ಟರು ಸಂಪಾದಕರಿಗೆ. "ಗೊಂದಲ ಸಹಜ."

ಸಂಪಾದಕರು ಕೆಟ್ಟ ಮನುಷ್ಯರಲ್ಲ. ಮೆತ್ತಗೆ ಮಾತಾಡಿದರು. "ನೋಡಮ್ಮ, ಎಲ್ಲಕ್ಕೂ ಒಂದು ಕ್ರಮ ಇದೆ. ಬರವಣಿಗೆಯಲ್ಲಿ ದೂರು ಕೊಡ್ಬೇಕು."

"ಯಾರೇ ಆಗಲಿ ತಿಳಿಸಬಹುದು ಅಂತ ಅಲ್ಲಿ ಬರ್ದಿದೆ ಸರ್." ಗೋಡೆ ತೋರಿಸಿದೆ. ನೀಲಿ ಬೆರಳು.

"ಅದು ಓದಿಕೊಂಡವರಿಗೆ. ಅಂದ್ರೆ, ಈ ವಿಷಯ ತಿಳಿದವರಿಗೆ." ಅವರಿಗೇ ಮುಜುಗರವಾಯಿತು. "ಇಲ್ಲಾಂದ್ರೆ ರೋಗಿಯೇ ಬಂದು ಹೇಳ್ಬೇಕು. ಬೇರೆಯವರ ಪರವಾಗಿ ಯಾರೋ ಹೇಳಿದರೆ ನಡೆಯಲ್ಲ."

"ರೋಗಿ ನಾನೇ," ಎಂದೆ.

ಮ್ಯಾನೇಜರನ ಕುರ್ಚಿ ಕಿರುಗುಟ್ಟಿತು.

"ನೀವೇ ಬರೆದಿದ್ದೀರಿ. ಗುಣ ಆಗಿರೋ ಏಳನೇ ನಂಬರು ನಾನೇ. ನನ್ನ ಮುಖ ಹಾಕಿದ್ದೀರಿ. ಹನ್ನೆರಡು ಜನರ ಹೆಬ್ಬೆಟ್ಟು ನನ್ನ ಕೈಲೇ ಒತ್ತಿಸೋಕೆ ಹೊರಟಿದ್ರಿ. ಹಾಗಾದ್ರೆ ಆ ಹನ್ನೆರಡು ಜನವೂ ನಾನೇ. ನಾನು ಬಂದಿದ್ದೀನಿ. ನಾನೇ ಹೇಳ್ತಿದ್ದೀನಿ."

ಆಗ ನನ್ನ ಬೆನ್ನ ಹಿಂದೆ ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ತಿರುಗಲಿಲ್ಲ. ಬ್ಲೀಚಿನ ವಾಸನೆ ಬಂತು. ಒಬ್ಬಳಲ್ಲ, ಬಹಳ ಜನ. ಗಂಟಲಲ್ಲಿ ಗಡ್ಡೆ ಇದ್ದವರು, ಬಾಯಿ ಓರೆಯಾದವರು, ಚರ್ಮ ಸುಲಿದವರು. ಹನ್ನೊಂದು ತಿಂಗಳು ನಾನು ಮುಚ್ಚಿದವರು. ಅವರ ಮುಂದೆ, ಒಂದು ಹುಬ್ಬು ಸೀಳಿದವಳು. ಮೊದಲ ಸಲ ನನಗೆ ಅವರ ಹೆದರಿಕೆ ಆಗಲಿಲ್ಲ.

ಮೇಷ್ಟ್ರ ಕಡೆ ನೋಡಿದೆ. ಅವರ ಮುಂದೆ ಅದೇ ಕರಡು ತೆರೆದಿತ್ತು. ಕೆಂಪು ಪೆನ್ನಿನ ಮುಚ್ಚಳ ತೆಗೆದಿದ್ದರು. ಪೆನ್ನಿನ ತುದಿ ಕಾಗದದಿಂದ ಒಂದು ಗೆರೆಯಷ್ಟು ಮೇಲೆ ನಿಂತಿತ್ತು. ಕೆಳಗೆ ಇಳಿಯಲಿಲ್ಲ.

ದೊಡ್ಡ ಡಾಕ್ಟರು ಅಮ್ಮನ ಚೀಟಿಯನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿದರು. ಅದರ ಜಾಗದಲ್ಲಿ ಚಹಾದ ಕಪ್ಪು ಇಟ್ಟರು. ಸಂಪಾದಕರು ಹಾಳೆ ಮಗುಚಿದರು. "ಮುಂದಿನ ವಿಷಯ," ಎಂದರು.

ನಾನು ಹೋಗಲಿಲ್ಲ. ಮೇಜಿನ ಅಂಚು ಹಿಡಿದು ನಿಂತೆ.

"ಸರ್," ಎಂದೆ. "ನಲವತ್ತೊಂದನೇ ನಂಬರು ನಮ್ಮಮ್ಮ. ಏಳನೆಯವಳು ಸತ್ತಳು ಅಂತ ಒಂದು ಸಾಲು ಬರೀರಿ."

ಫ್ಯಾನು ತಿರುಗುತ್ತಿತ್ತು. ಮೇಜಿನ ಮೇಲೆ ಅಕ್ಕನ ಫೋಟೋ ಒಂದು ಸಲ ಎದ್ದು, ಮತ್ತೆ ಮಲಗಿತು.

"ಒಂದೇ ಸಾಲು ಸರ್. ಬರೀರಿ."